ಇಂಪು ಬಲ್ಲ ಕಿವಿ

ನಮ್ಮ ಸರ್ ತೀರಿಕೊಂಡ ಮೇಲೆ ಕಾಲೇಜಿನಲ್ಲಿ ಸಂತಾಪ ಸಭೆ ಇಟ್ಟಿದ್ದರು. ಧಾರವಾಡದ ಸಂತಾಪ ಸಭೆಯೆಂದರೆ ಕೇಳಬೇಕೇ? ಒಬ್ಬರಿಗಿಂತ ಒಬ್ಬರು ಮೆತ್ತಗೆ ಮಾತಾಡಿದರು. ಹಿಂದಿನ ಸಾಲಿನಲ್ಲಿ ಕೂತವರಿಗೆ ತೀರಿಕೊಂಡವರು ಯಾರು ಎಂಬುದಾದರೂ ತಿಳಿಯಿತೋ ಇಲ್ಲವೋ, ದೇವರೇ ಬಲ್ಲ. ನನ್ನ ಸರದಿ ಬಂದಾಗ ನಿರೂಪಣೆ ಮಾಡುತ್ತಿದ್ದ ಹುಡುಗಿ ಮೈಕನ್ನು ತಾನಾಗಿಯೇ ಬದಿಗೆ ಸರಿಸಿ, "ನಿಮಗಿದು ಬೇಕಾಗೂದಿಲ್ಲಲ್ರೀ ಮೇಡಂ," ಅಂದಳು. ಅವಳ ತಪ್ಪಲ್ಲ. ನಾನು ಹುಟ್ಟಿದ್ದು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ಅಪ್ಪನ ಲೇತ್ ಮಷಿನ್ನಿನ ಮಗ್ಗುಲಲ್ಲಿ. ಕಬ್ಬಿಣ ಕೊರೆಯುವ ಸದ್ದಿನ ನಡುವೆ ಒಂದು ಲೋಟ ನೀರು ಬೇಕೆಂದರೂ ಕೂಗಿಯೇ ಕೇಳಬೇಕು. ಹಾಗೆ ಕೂಗಿ ಕೂಗಿ ಬೆಳೆದ ದನಿ ಇದು. ಎಂ.ಎ. ಮಾಡಿದರೂ ಇಳಿಯಲಿಲ್ಲ.

ಸಭೆಯಲ್ಲಿ ಎಲ್ಲರೂ ಸರ್ ಹೇಳುತ್ತಿದ್ದ ಒಂದೇ ಮಾತನ್ನು ಎತ್ತಿ ಎತ್ತಿ ಹೇಳಿದರು: "ಯಾವ ಭಾಷೆಯೂ ಹುಟ್ಟಿನಿಂದ ಇಂಪಲ್ಲ, ಯಾವುದೂ ಒರಟಲ್ಲ. ಇಂಪು ಇರುವುದು ಕೇಳುವವರ ರೂಢಿಯಲ್ಲಿ." ಸರ್ ಭಾಷಾಶಾಸ್ತ್ರ ಕಲಿಸುತ್ತಿದ್ದರು. ಈ ವಾಕ್ಯವನ್ನು ಪ್ರತಿವರ್ಷ ಬೋರ್ಡಿನ ಮೇಲೆ ದುಂಡಗೆ ಬರೆದು, ಪರೀಕ್ಷೆಯಲ್ಲಿ ಅದರ ಮೇಲೆಯೇ ಪ್ರಶ್ನೆ ಕೇಳಿ, ಹಾಗೆಯೇ ಬರೆದವರಿಗೆ ಧಾರಾಳವಾಗಿ ಮಾರ್ಕ್ಸ್ ಕೊಡುತ್ತಿದ್ದರು. ಅದೆಲ್ಲ ಖರೆ. ಆದರೆ ಸ್ಟಾಫ್ ರೂಮಿನಲ್ಲಿ ಅವರ ಮಗ್ಗುಲ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತವಳು ನಾನು. ಸಭೆಯಲ್ಲಿ ನಗು ಬಂದುಬಿಟ್ಟೀತೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಪಕ್ಕದವರು ಅಳುತ್ತಿದ್ದೇನೆ ಅಂದುಕೊಂಡು ಬೆನ್ನು ಸವರಿದರು.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅಂತಾರಲ್ಲ, ಸರ್‌ದು ಅದೇ ಸಂಗತಿ. ಪಾಠ ಮುಗಿಸಿ, ಕೈಗೆ ಹತ್ತಿದ ಚಾಕ್ ಪುಡಿ ಒರೆಸಿಕೊಂಡು, ಚಹಾದ ಕಪ್ಪು ಕೈಗೆ ತಗೊಂಡರೋ ಇಲ್ಲವೋ, ಭಾಷೆಗಳಿಗೆ ನಂಬರು ಹಚ್ಚಲು ಶುರು.

"ಮೈಸೂರು ಕಡೆ ಕನ್ನಡ ಅಂದ್ರ ಭಾಳ ಬೆಣ್ಣಿ ಹಾಕಿದ ದ್ವಾಸಿ ಇದ್ದಂಗ್ರಿ. ಬಾಯಾಗ ಇಟ್ಟದ್ದ ತಿಳಿಯೂದಿಲ್ಲ, ಕರಗಿ ಹೋಗ್ತದ. ಮಂಗಳೂರು ಕಡೆದು ಇಸ್ತ್ರಿ ಮಾಡಿದ ಅಂಗಿ. ಛಲೋ ಕಾಣಸ್ತದ, ಆದ್ರ ಮನ್ಯಾಗ ಯಾರು ಹಾಕ್ಕೋತಾರ? ಮರಾಠಿ ಹೋಗ್ಲಿ ಬಿಡ್ರಿ, ಬೀಗರ ಭಾಷಾ, ನಾವು ಏನೂ ಅನಬಾರದು."

"ಧಾರವಾಡದ್ದು ಹೆಂಗ್ರಿ ಸರ?"

"ಧಾರವಾಡದ್ದು..." ಎಂದು ಕಣ್ಣು ಮುಚ್ಚಿ ಒಂದು ಗುಟುಕು ಚಹಾ ಕುಡಿಯುತ್ತಿದ್ದರು. ಉತ್ತರ ಅಷ್ಟೇ.

"ಹುಬ್ಬಳ್ಳಿದು?" ಬೇಕಂತಲೇ ಕೇಳುತ್ತಿದ್ದೆ.

"ಹುಬ್ಬಳ್ಳಿದು ಸಾಮಾನು ಇಳಸೂ ಲಾರಿ ಮೇಡಂ. ಕೆಲಸ ಆಗ್ತದ. ಸಪ್ಪಳ ಭಾಳ."

ಹುಬ್ಬಳ್ಳಿಗೂ ಧಾರವಾಡಕ್ಕೂ ಬಸ್ಸಿನಲ್ಲಿ ಎಷ್ಟು ದೂರ ಮಹಾ? ಈ ದಾರಿಯಲ್ಲಿ ಒರಟು ಇಳಿದು ಇಂಪು ಹತ್ತುವುದು ಯಾವ ಸ್ಟಾಪಿನಲ್ಲಿ ಎಂದು ಒಮ್ಮೆ ಕೇಳಿಯೇಬಿಟ್ಟೆ. "ನವಲೂರ ದಾಟಿದ ಮ್ಯಾಲೆ," ಎಂದರು, ಒಂದಿಷ್ಟೂ ನಗದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾನು ನನ್ನ ಚಹಾ ಕುಡಿದೆ.

ನನ್ನನ್ನು ಅವರು ಮೊದಲ ದಿನ ಮಾತಾಡಿಸಿದ್ದೂ ಹೀಗೆಯೇ. ಹೊಸದಾಗಿ ಕೆಲಸಕ್ಕೆ ಸೇರಿ ಅಂಜುತ್ತ ಅಂಜುತ್ತ ಸ್ಟಾಫ್ ರೂಮಿಗೆ ಕಾಲಿಟ್ಟಿದ್ದೆ. "ಹುಬ್ಬಳ್ಳಿಯವರೇನ್ರಿ?" ಎಂದರು. ಹೇಗೆ ಗೊತ್ತಾಯಿತೆಂದು ಕೇಳಿದ್ದಕ್ಕೆ, "ಈಗ ಗೇಟಿನ ಹೊರಗ ಆಟೋದಾಂವಗ ದಾರಿ ಹೇಳ್ಲಿಕ್ಕತ್ತಿದ್ರಲ್ಲ, ನಾ ಮ್ಯಾಲಿನ ಮಜಲಿನ್ಯಾಗ ಪಾಠ ಮಾಡ್ಲಿಕ್ಕತ್ತಿದ್ದೆ. ನನ್ನ ಹುಡುಗರಿಗೂ ದಾರಿ ತಿಳೀತು," ಎಂದರು. ಸಿಟ್ಟು ನೆತ್ತಿಗೇರಿತ್ತು. ಆದರೆ ಹೇಳಿದ ದನಿ ಎಷ್ಟು ಸವಿಯಾಗಿತ್ತೆಂದರೆ ಬೈದದ್ದೋ ಹೊಗಳಿದ್ದೋ ತಿಳಿಯದೆ "ಥ್ಯಾಂಕ್ಸ್ ರೀ ಸರ" ಅಂದುಬಿಟ್ಟೆ.

ಮೈಸೂರಿನಿಂದ ಮೌಖಿಕ ಪರೀಕ್ಷೆಗೆಂದು ಒಬ್ಬ ಪ್ರಾಧ್ಯಾಪಕರು ಬಂದಿದ್ದ ಕಥೆ ಹೇಳದಿದ್ದರೆ ಅವರ ಚಿತ್ರ ಪೂರ್ತಿಯಾಗದು. ಅತಿಥಿಗಳು ಬಂದಿದ್ದಾರೆಂದು ಸರ್ ತಮ್ಮ ಅತ್ಯಂತ ಇಂಪಾದ ಕನ್ನಡವನ್ನೇ ಹೊರಗೆ ತೆಗೆದಿದ್ದರು. "ಬರ್ರಿ, ಬರ್ರಿ! ಯಾಕ್ರಿ ಇಷ್ಟ ತಡಾ? ಕೂಡ್ರಿ ಮೊದ್ಲ! ಉಣ್ರಿ! ಏನ್ರಿ ಇದು, ಒಂದ ರೊಟ್ಟಿ ತಿಂದು ಏಳ್ತೀರಿ? ಹಿಂಗ ಮಾಡಿದ್ರ ಹೆಂಗ್ರಿ?" ಆ ಬಡಪಾಯಿ ಮರುಮಾತಿಲ್ಲದೆ ರೊಟ್ಟಿಯ ಮೇಲೆ ರೊಟ್ಟಿ ನುಂಗಿದರು. ಕೈ ತೊಳೆಯುವಾಗ ನನ್ನ ಹತ್ತಿರ ಬಂದು, "ಮೇಡಂ, ನನ್ನಿಂದ ಏನಾದ್ರೂ ತಪ್ಪಾಯ್ತಾ? ಬೆಳಗ್ಗೆಯಿಂದ ಅವ್ರು ಬಯ್ತಾನೇ ಇದಾರೆ," ಎಂದು ಪಿಸುಗುಟ್ಟಿದರು. ನನಗೆ ಅಂದು ಹಬ್ಬ. ಅದನ್ನು ಒಂದಕ್ಷರ ಬಿಡದೆ ಸರ್‌ಗೆ ಮುಟ್ಟಿಸಿದೆ. ಅವರಿಗೆ ಬೇಜಾರು ಆಗಬೇಕಲ್ಲ? ಊಹೂಂ. "ಪಾಪ, ಅವರ ಕಿವಿ ಇನ್ನೂ ತಯಾರಾಗಿಲ್ಲ," ಎಂದರು. ಮರುದಿನ ಕ್ಲಾಸಿನಲ್ಲಿ ಆ ಅತಿಥಿಯೇ ಉದಾಹರಣೆ. ಇಂಪು ಕೇಳುವವರ ರೂಢಿಯಲ್ಲಿದೆ, ನೋಡ್ರಿ ಆ ಮನುಷ್ಯಗ ರೂಢಿ ಇಲ್ಲ! ಶಾಸ್ತ್ರ ತಮಗೂ ಅನ್ವಯಿಸುತ್ತದೆ ಎಂಬ ಯೋಚನೆ ಮಾತ್ರ ಅವರ ತಲೆಯ ಹತ್ತಿರಕ್ಕೂ ಸುಳಿಯುತ್ತಿರಲಿಲ್ಲ.

ಅವರ ಮನೆಯ ಮೇಲಿನ ಮಜಲಿಗೆ ಒಂದು ತಮಿಳು ಜೋಡಿ ಬಾಡಿಗೆಗೆ ಬಂದಿತ್ತು. ಹೊಸದಾಗಿ ಮದುವೆಯಾದವರು, ಜಗಳ ಇದ್ದದ್ದೇ. "ಆ ಭಾಷಾದಾಗ ಜಗಳ ಬಿಟ್ರ ಬ್ಯಾರೆ ಏನೂ ಆಡ್ಲಿಕ್ಕೆ ಬರೂದಿಲ್ಲ ಅಂತ ಕಾಣಸ್ತದ," ಎಂದು ಸರ್ ಬೆಳಿಗ್ಗೆ ಬೆಳಿಗ್ಗೆ ವರದಿ ಒಪ್ಪಿಸುತ್ತಿದ್ದರು. ಮುಂದೆ ಆ ಮನೆಯಲ್ಲಿ ಕೂಸು ಹುಟ್ಟಿತು. ಒಂದು ಮಧ್ಯಾಹ್ನ ನಾನು ಹೋದಾಗ ಸರ್ ಮೆಟ್ಟಿಲ ಕೆಳಗೆ ತಲೆ ವಾರೆ ಮಾಡಿ ನಿಂತಿದ್ದರು. ಮೇಲೆ ಆ ಹುಡುಗಿ ಕೂಸನ್ನು ಮಲಗಿಸುತ್ತ ಏನೋ ಮಾತಾಡುತ್ತಿದ್ದಳು. "ಮ್ಯಾಲೆ ಬ್ಯಾರೆ ಯಾರರೆ ಬಂದಾರೇನ್ರಿ? ಏನ್ ಸವಿ ಅದರಿ ಆ ಭಾಷಾ!" ಎಂದರು. ಅದೇ ತಮಿಳು ಎಂದೆ. "ಇರಲಿಕ್ಕಿಲ್ಲ," ಎಂದು ಒಳಗೆ ಹೋದರು.

ಸರ್‌ರ ಮನೆಗೆ ನಾನು ಮೊದಲ ಸಲ ಹೋದದ್ದು ಒಂದು ನಾಗರಪಂಚಮಿಗೆ. ಸರ್‌ರ ಹೆಂಡತಿ, ನಾವೆಲ್ಲ ವೈನಿ ಎಂದು ಕರೆಯುತ್ತಿದ್ದವರು, ಉಂಡಿ ತಂದಿಟ್ಟು ಏನೋ ಹೇಳಿದರು. ತುಟಿ ಅಲುಗಿದ್ದು ಕಂಡಿತು, ಅಷ್ಟೇ. ಕಿವಿಯನ್ನು ಅವರ ಮುಂದೆ ಒಯ್ದು ಹಿಡಿದ ಮೇಲೆ "ತಗೋರಿ, ಸಂಕೋಚ ಮಾಡಬ್ಯಾಡ್ರಿ" ಎಂಬುದು ದಾರದ ಹಾಗೆ ಸಣ್ಣಗೆ ಬಂತು. ಸರ್ ಹೆಮ್ಮೆಯಿಂದ ನನ್ನತ್ತ ನೋಡಿ, "ಕೇಳಿದ್ರೇನು ಮೇಡಂ? ಇದು ಧಾರವಾಡದ ಕನ್ನಡ," ಎಂದರು.

ಅಡಿಗೆಮನೆಯಲ್ಲಿ ವೈನಿ ನನ್ನ ಕಿವಿಯಲ್ಲಿ ಹೇಳಿದರು: "ನಾ ಧಾರವಾಡದಾಕಿ ಅಲ್ಲ ತಂಗಿ. ಶಿರಗುಪ್ಪಿಯಾಕಿ."

ಶಿರಗುಪ್ಪಿ ಹುಬ್ಬಳ್ಳಿ ಆಚೆಯ ಎರೆಭೂಮಿಯ ಊರು. ಅಲ್ಲಿ ಅವರ ಅಪ್ಪನದು ದೊಡ್ಡ ಒಕ್ಕಲುತನ. ಮನೆಯ ಮಾಳಿಗೆ ಹತ್ತಿ ನಿಂತು, ಹೊಲದಲ್ಲಿ ಇದ್ದವರನ್ನು ಊಟಕ್ಕೆ ಕರೆಯುವುದು ಹುಡುಗಿಯಾಗಿದ್ದಾಗ ಇವರ ಕೆಲಸ. ಇವರು ಕರೆದರೆ ತಮ್ಮ ಹೊಲದವರಷ್ಟೇ ಅಲ್ಲ, ಆಚೆ ಹೊಲದವರೂ ಬುತ್ತಿ ಬಿಚ್ಚುತ್ತಿದ್ದರಂತೆ. ಅಂಥಾ ದನಿಯ ಹುಡುಗಿ ಮದುವೆಯಾಗಿ ಈ ಮನೆಗೆ ಬಂದು, ಮೊದಲ ದಿನ ಅಡಿಗೆಮನೆಯಿಂದ "ಏನ್ರೀ, ಉಣ್ಣಾಕ ಬರ್ರೀ!" ಎಂದು ಕರೆದರು. ಸರ್ ಬೈಯಲಿಲ್ಲ, ಸಿಡುಕಲಿಲ್ಲ. ನಗುತ್ತ ಬಂದು, ಅಂಗೈಯನ್ನು ಗಾಳಿಯಲ್ಲಿ ಮೆಲ್ಲಗೆ ಕೆಳಗೆ ಇಳಿಸಿ ತೋರಿಸಿದರು. ಇನ್ನಷ್ಟು ಸಣ್ಣಗೆ, ಎಂದು. ಅಂದಿನಿಂದ ವೈನಿಯ ದನಿ ಏರಿದಾಗೆಲ್ಲ ಅಂಗೈ ಇಳಿಯಿತು. ವರ್ಷ ಕಳೆಯುವುದರೊಳಗೆ ದನಿಯೂ ಇಳಿಯಿತು, ಅದರ ಕೂಡ ಶಿರಗುಪ್ಪಿಯ ಮಾತೂ ಇಳಿಯಿತು.

"ಬೈದಿದ್ರ ತಿರುಗಿ ಬೈತಿದ್ದೆ," ಎಂದರು ವೈನಿ. "ನಕ್ಕೋತ ಕೈ ಇಳಿಸಿದ್ರ ಏನ್ ಮಾಡ್ಲಿಕ್ಕೆ ಬರ್ತದ?"

ಹೇಳುವಾಗ ಅವರೂ ನಗುತ್ತಿದ್ದರು. ನನಗೆ ಮಾತ್ರ ಹೊಟ್ಟೆ ಉರಿಯಿತು. ಹೊರಗೆ ಬಂದು ಬೇಕಂತಲೇ ಎರಡು ಮಾತು ಗಟ್ಟಿಯಾಗಿ ಆಡಿದೆ. ಸರ್ ಕಿವಿಗೆ ಬೆರಳಿಟ್ಟುಕೊಂಡು ನಕ್ಕರು. ನನ್ನ ಮುಂದೆ ಅಂಗೈ ಇಳಿಸುವ ಧೈರ್ಯ ಅವರಿಗೆ ಎಂದೂ ಬರಲಿಲ್ಲ.

ನಿವೃತ್ತರಾದ ಮೇಲೆ ಅವರು ಲೋಕದ ಮೇಲೆ ಒಂದು ಹೊಸ ದೂರು ಶುರು ಮಾಡಿದರು. ಈಗಿನವರು ಬಾಯಿ ಬಿಟ್ಟು ಮಾತಾಡುವುದಿಲ್ಲ, ಬರೀ ಗೊಣಗುತ್ತಾರೆ. ರೇಡಿಯೋದವರು ಗೊಣಗುತ್ತಾರೆ, ಬ್ಯಾಂಕಿನವರು ಗೊಣಗುತ್ತಾರೆ, ಗುಡಿಯ ಪೂಜಾರಿಯೂ ಗೊಣಗುತ್ತಾನೆ. ಕಿವಿ ಹೋಗುತ್ತಿದೆ ಎಂಬುದು ಊರಿಗೆಲ್ಲ ತಿಳಿದ ಮೇಲೂ ಕಿವಿಯ ಯಜಮಾನರಿಗೆ ತಿಳಿಯಲಿಲ್ಲ. ಅಥವಾ ತಿಳಿದಿತ್ತೋ ಏನೋ. ಮನೆಯಲ್ಲಿ ವೈನಿ ಮಾತಾಡಿದರೆ ಮೊದಮೊದಲು "ಏನು?" ಅನ್ನುತ್ತಿದ್ದರು. ವೈನಿ ಅಷ್ಟೇ ಸಣ್ಣಗೆ ಮತ್ತೊಮ್ಮೆ ಹೇಳುತ್ತಿದ್ದರು. ಅವರಿಗೆ ಬೇರೆ ದನಿಯೇ ಉಳಿದಿರಲಿಲ್ಲ. ಆಮೇಲೆ ಸರ್ ಕೇಳುವುದನ್ನು ಬಿಟ್ಟು ಒಂದು ಉಪಾಯ ಹುಡುಕಿಕೊಂಡರು. ವೈನಿಯ ತುಟಿ ನಿಂತ ಕೂಡಲೇ ನಗುತ್ತ "ಹೌದು, ಭಾಳ ಛಲೋ" ಎಂದುಬಿಡುವುದು. ಮಾತು ಬಲ್ಲವನಿಗೆ ಜಗಳವಿಲ್ಲ ನೋಡಿ.

ಹಿತ್ತಿಲ ಪೇರಲ ಗಿಡ ಕರೆಂಟಿನ ತಂತಿಗೆ ತಾಗುತ್ತಿದೆ, ಕರೆಂಟಿನವರು ಬುಡಕ್ಕೇ ಕಡಿಯುತ್ತೇವೆ ಎನ್ನುತ್ತಾರೆ, ಏನು ಮಾಡಲಿ ಎಂದು ವೈನಿ ಕೇಳಿದಾಗಲೂ ಉತ್ತರ ಅದೇ. "ಹೌದು, ಭಾಳ ಛಲೋ." ಸಂಜೆ ಹಿತ್ತಿಲಿಗೆ ಹೋದ ಸರ್ ಮೋಟು ಬುಡ ನೋಡಿ ನೆಲಕ್ಕೇ ಕೂತರು. ಅಂದು ರಾದ್ಧಾಂತ. ನಾನೇ ಜುಲುಮೆ ಮಾಡಿ ಇಬ್ಬರನ್ನೂ ಹುಬ್ಬಳ್ಳಿಯ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

"ಸಣ್ಣ ದನಿ, ತೆಳು ದನಿ ಇನ್ನ ಕೇಳೂದಿಲ್ರಿ," ಎಂದರು ಡಾಕ್ಟರು. "ದಪ್ಪ ದನಿ, ಜೋರು ದನಿ ಆದ್ರ ಕೇಳಸ್ತದ." ಸರ್ ಅದನ್ನೂ ಕೇಳಿಸಿಕೊಳ್ಳಲಿಲ್ಲ. ನಾನು ಗಟ್ಟಿಯಾಗಿ ಹೇಳಿದೆ. ಥಟ್ಟನೆ ತಿರುಗಿ, "ನಿಮ್ಮ ಮಾತು ಮಾತ್ರ ಭಾಳ ಸ್ಪಷ್ಟ ಕೇಳಸ್ತದ ಮೇಡಂ," ಎಂದರು. ಮುಖ ನೋಡಿದರೆ ಇನ್ನೊಂದು ರೋಗದ ಸುದ್ದಿ ಕೇಳಿದವರ ಹಾಗಿತ್ತು.

ಕಿವಿಯ ಮಷಿನ್ ಹಾಕಿದರು. ವೈನಿ ಎದುರಿಗೆ ಕೂತು, "ಈಗ ಕೇಳಸ್ತದೇನ್ರಿ?" ಎಂದರು. ಸರ್ ಮುಖ ಕಿವಿಚಿದರು. ಕೇಳಿಸಿತ್ತು, ಆದರೆ ತಗಡಿನ ಮೇಲೆ ಮೊಳೆ ಎಳೆದ ಹಾಗೆ ಕೇಳಿಸಿತ್ತಂತೆ. ರೂಢಿಯಾಗುತ್ತದೆ ಎಂದರು ಡಾಕ್ಟರು. ಇಂಪು ರೂಢಿಯಲ್ಲಿದೆ ಎಂದು ಜೀವಮಾನವಿಡೀ ಬೋರ್ಡಿನ ಮೇಲೆ ಬರೆದವರಿಗೆ ಆ ಮಾತು ಮನಸ್ಸಿಗೇ ಹತ್ತಲಿಲ್ಲ. ಮನೆಗೆ ಬಂದು ವಾರ ಹಾಕಿಕೊಂಡು ನೋಡಿದರು. ಮೈಸೂರಿನ ಬೆಣ್ಣೆ, ಮಂಗಳೂರಿನ ಇಸ್ತ್ರಿ, ಮೇಲಿನ ಮನೆಯ ತಮಿಳು, ಅವರ ಧಾರವಾಡ, ಎಲ್ಲವೂ ಒಂದೇ ತಗಡು. ಇಷ್ಟು ವರ್ಷ ಕ್ಲಾಸಿನಲ್ಲಿ ಸಾರಿದ ಸಮಾನತೆ ಕೊನೆಗೂ ಕಿವಿಗೆ ಬಂದಿತ್ತು. ಅವರು ಅದನ್ನು ಬಿಚ್ಚಿ ಡಬ್ಬಿಯಲ್ಲಿಟ್ಟರು.

"ಯಾಕ್ರಿ ಸರ?" ಎಂದು ಜಗಳಕ್ಕೇ ನಿಂತೆ.

"ಇದರಾಗ ಈಕಿ ದನಿ ಕೇಳಿದ್ರ, ನನ್ನ ನೆನಪಿನ್ಯಾಗ ಇರೂ ದನೀನೂ ಕೆಡ್ತದ ಮೇಡಂ. ಅದೊಂದರೆ ಛಲೋ ಇರಲಿ."

ಎಂಥಾ ಪ್ರೀತಿಯ ಮಾತು ಎನ್ನಬೇಕೋ, ಎಂಥಾ ಸ್ವಾರ್ಥಿ ಮುದುಕ ಎನ್ನಬೇಕೋ ತಿಳಿಯಲಿಲ್ಲ. ವೈನಿಗೆ ತಿಳಿಯಿತು. ಬಾಗಿಲಲ್ಲಿ ನಿಂತಿದ್ದವರು ಸಣ್ಣಗೆ ಅಂದರು: "ನೆನಪಿನ್ಯಾಗಿನ ಹೇಂತಿ ಸವಿ ಮಾತಾಡ್ತಾಳ. ಚಹಾ ಮಾತ್ರ ನಾ ಕಾಸಬೇಕು." ಸರ್ ನಗುತ್ತ ತಲೆಯಾಡಿಸಿದರು. "ಹೌದು, ಭಾಳ ಛಲೋ."

ಹೀಗೆ ನನ್ನ ಹೊಸ ನೌಕರಿ ಶುರುವಾಯಿತು. ಭಾನುವಾರ ಭಾನುವಾರ ಆ ಮನೆಗೆ ಹೋಗಿ, ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡುವುದು. ವೈನಿ ವಾರದ ಮಾತನ್ನೆಲ್ಲ ಕೂಡಿಸಿಟ್ಟುಕೊಂಡು ನನ್ನ ಕಿವಿಯಲ್ಲಿ ಹೇಳುವುದು, ನಾನು ಅದನ್ನು ಗೋಕುಲ ರಸ್ತೆಯ ದನಿಯಲ್ಲಿ ಸರ್‌ಗೆ ಮುಟ್ಟಿಸುವುದು. ನಲ್ಲಿ ಸೋರುತ್ತಿದೆ. ತಮ್ಮನ ಮಗಳಿಗೆ ಗಂಡು ಗೊತ್ತಾಗಿದೆ. ಈ ವಾರವೂ ನೀವು ಸ್ವೆಟರ್ ಇಲ್ಲದೆ ವಾಕಿಂಗ್ ಹೋದಿರಿ. ಗಂಡ ಹೆಂಡಿರ ಮಾತೆಲ್ಲ ಓಣಿಯ ಮಾತಾಯಿತು. ತಮಾಷೆ ಎಂದರೆ, ವೈನಿ ಸಿಟ್ಟಿನಲ್ಲಿ ಖಾರವಾಗಿ ಅಂದದ್ದನ್ನು ನಾನು ಅರ್ಧ ಸಕ್ಕರೆ ಬೆರೆಸಿ ಹೇಳಿದರೂ ಸರ್ ಹುಬ್ಬು ಗಂಟಿಕ್ಕಿ, "ಆಕಿ ಹಿಂಗ ಒರಟಾಗಿ ಅಂದಿರಲಿಕ್ಕಿಲ್ಲ ಮೇಡಂ, ನೀವು ಅಂದ್ರಿ," ಎನ್ನುತ್ತಿದ್ದರು. ಅನುವಾದಕರ ಹಣೆಬರಹವೇ ಅದು.

ಒಂದು ಭಾನುವಾರ ವೈನಿ ಏನೂ ಹೇಳಲಿಲ್ಲ. ನನ್ನ ಕೈ ಹಿಡಿದು ಅಡಿಗೆಮನೆಗೆ ಕರೆದೊಯ್ದರು. ಹೊಟ್ಟೆಯಲ್ಲಿ ಗಂಟಾಗಿದೆ, ತಮ್ಮನ ಕೂಡ ಹೋಗಿ ತೋರಿಸಿಕೊಂಡು ಬಂದಿದ್ದಾರೆ, ಆಪರೇಶನ್ ಆಗಬೇಕು, ಗಂಟು ಎಂಥಾದ್ದು ಎಂದು ಕೊಯ್ದ ಮೇಲೆಯೇ ಗೊತ್ತು. ಈಗಲೇ ಸರ್‌ಗೆ ಹೇಳುತ್ತೇನೆ ಎಂದು ಎದ್ದೆ. ವೈನಿ ಸೆರಗು ಹಿಡಿದು ಕೂರಿಸಿದರು.

"ಬ್ಯಾಡ ತಂಗಿ. ಇದು ಓಣಿಗೆ ಹೇಳೂ ಮಾತಲ್ಲ. ಕೊಯ್ಯೂಕಿಂತ ಮೊದ್ಲ ಅವರ ಜೋಡಿ ನಾನ ಮಾತಾಡಬೇಕು. ಹೆಚ್ಚು ಕಡಿಮಿ ಆದ್ರ, ಕಡೀ ಮಾತು ನಿನ್ನ ಬಾಯಾಗಿಂದ ಕೇಳಬೇಕೇನು ಅವರು?"

ಹಾಗಾದರೆ ಜೋರಾಗಿ ಹೇಳಿರಿ ಎಂದೆ. ವೈನಿ ಬಾಯಿ ತೆರೆದರು. ಕುತ್ತಿಗೆಯ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು, ದನಿ ಬರಲಿಲ್ಲ. ಒಂದು ಕೆಮ್ಮು ಬಂತು. ಎರೆಹೊಲದ ಆಚೆ ದಂಡೆಯವರನ್ನು ಊಟಕ್ಕೆ ಎಬ್ಬಿಸಿದ ದನಿ ಅದು. ದೇವರಾಣೆ, ಅಂದು ಆ ಮನುಷ್ಯನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮರುದಿನದಿಂದ ವೈನಿಯನ್ನು ನಮ್ಮ ತೌರುಮನೆಗೆ, ಗೋಕುಲ ರಸ್ತೆಗೆ ಕರೆದುಕೊಂಡು ಹೋಗತೊಡಗಿದೆ. ಅಪ್ಪನ ವರ್ಕ್‌ಶಾಪ್ ಈಗ ನನ್ನ ಅಣ್ಣ ನಡೆಸುತ್ತಾನೆ. ಲೇತ್ ಜೊತೆಗೆ ಗ್ರೈಂಡರ್, ಬಡಿತ, ಕುಟ್ಟಾಟ. ಅಲ್ಲಿ ಅಂಗಳದ ಈ ತುದಿಗೆ ವೈನಿಯನ್ನು ಕೂರಿಸಿ, ಆ ತುದಿಗೆ ನಾನು ನಿಂತು, "ಏನ್ ಬೇಕ್ರೀ ವೈನೀ?" ಎಂದು ಕೂಗುತ್ತಿದ್ದೆ. ಕೇಳಿಸುವ ಹಾಗೆ ಹೇಳಿದರೆ ಚಹಾ, ಇಲ್ಲದಿದ್ದರೆ ಇಲ್ಲ. ಹೀಗೆ ಕಟುಕಳ ಹಾಗೆ ನಡೆದುಕೊಂಡೆ. ಮೊದಲ ದಿನ ಅವರು ಚಹಾ ಇಲ್ಲದೆಯೇ ಮನೆಗೆ ಹೋದರು. ಎರಡನೆಯ ದಿನ ಒಡಕು ದನಿಯಲ್ಲಿ ಅರ್ಧ ಮಾತು ಬಂತು. ಆಮೇಲೊಂದು ದಿನ ಗ್ರೈಂಡರ್ ಕಿಡಿ ಹಾರಿಸುತ್ತ ಅರಚುತ್ತಿದ್ದಾಗ, ಬೇಸತ್ತು, ಸೆರಗು ಸೊಂಟಕ್ಕೆ ಸಿಗಿಸಿ ಎದ್ದು ನಿಂತು ಒದರಿದರು: "ಏ ಹುಚ್ಚೀ, ಗಂಟಲಾ ಒಣಗಾಕತ್ತೈತಿ! ಚಹಾ ಕೊಡ್ತಿಯೋ ಇಲ್ಲೋ?" ಕೆಲಸದವರು ಮಷಿನ್ ನಿಲ್ಲಿಸಿದರು. ವೈನಿಗೇ ಗಾಬರಿಯಾಗಿ ಬಾಯಿಗೆ ಕೈ ಇಟ್ಟುಕೊಂಡರು. ಆಮೇಲೆ ಇಬ್ಬರೂ ಕೂತು ನಕ್ಕೆವು, ಅತ್ತೆವು, ಚಹಾ ಕುಡಿದೆವು.

ಸರ್‌ಗೆ ಹೇಳುವ ದಿನ ವೈನಿ ನನ್ನನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿದರು. "ನಡುವ ಬಾಯಿ ಹಾಕಬ್ಯಾಡ," ಎಂದು ತಾಕೀತು. ಒಳಗೆ ಸರ್ ಪೇಪರ್ ಓದುತ್ತಿದ್ದರು.

"ರೀ! ಪೇಪರ್ ಇಡ್ರಿ! ಇಲ್ಲೆ ನೋಡ್ರಿ ನನ್ನ ಕಡೆ!"

ಪೇಪರ್ ಬಿದ್ದ ಸದ್ದು ನನಗೂ ಕೇಳಿಸಿತು.

"ನನ್ನ ಹೊಟ್ಯಾಗ ಗಂಟು ಆಗೈತಿ! ಕೊಯ್ಯಬೇಕಂತಾರ! ನನಗ ಅಂಜಿಕಿ ಆಗಾಕತ್ತೈತಿ! ನೀವು ಆ ಮಷಿನ್ ಹಾಕ್ಕೊಂಡು ನನ್ನ ಕೂಡ ದವಾಖಾನಿಗೆ ಬರಬೇಕು! ಡಾಕ್ಟರ್ ಏನಂತಾರ, ನೀವ ಕೇಳಬೇಕು!"

ಸರ್, ಕಿವುಡರು ತಮಗೆ ತಿಳಿಯದೆ ಮಾತಾಡುವ ಆ ದೊಡ್ಡ ದನಿಯಲ್ಲಿ ಕೇಳಿದರು: "ಯಾವಾಗಿಂದ ನೋವು?"

"ದೀಪಾವಳಿಯಿಂದ!"

"ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ನಲ್ಲ! ಮಗ್ಗಲ ಕುಂತು ಹೇಳಿದೆ! ನೀವು 'ಹೌದು, ಭಾಳ ಛಲೋ' ಅಂದ್ರಿ!"

ನಾನು ಕಟ್ಟೆಯಿಂದ ಎದ್ದು ಗೇಟಿನ ಹೊರಗೆ ಹೋಗಿ ನಿಂತೆ. ಅದಕ್ಕಿಂತ ಹೆಚ್ಚು ಕೇಳುವುದು ನನ್ನಿಂದಾಗಲಿಲ್ಲ.

ಆಪರೇಶನ್ ಸುಸೂತ್ರವಾಯಿತು. ಗಂಟು ಕೆಟ್ಟದ್ದಲ್ಲವೆಂದು ಆಮೇಲೆ ತಿಳಿಯಿತು. ದವಾಖಾನೆಯಲ್ಲಿದ್ದಷ್ಟು ದಿನವೂ ಸರ್ ಮಷಿನ್ ಹಾಕಿಕೊಂಡೇ ಇದ್ದರು. ತಗಡಾದರೆ ತಗಡು, ಎಂದು ನರ್ಸುಗಳ ಮಾತು, ಟ್ರಾಲಿಯ ಗಾಲಿ, ಪಕ್ಕದ ಹಾಸಿಗೆಯವರ ಗೊರಕೆ ಎಲ್ಲವನ್ನೂ ಮುಖ ಕಿವಿಚಿಕೊಂಡು ಕೇಳಿಸಿಕೊಂಡರು. ವೈನಿಗೆ ಎಚ್ಚರವಾಗಿ "ನೀರ" ಎಂದಾಗ ಅದನ್ನು ಮೊದಲು ಕೇಳಿಸಿಕೊಂಡವರು ಅವರೇ. ನಾನು ಹತ್ತಿರವೇ ಕೂತಿದ್ದರೂ ನನಗೆ ಕೇಳಿಸಿರಲಿಲ್ಲ.

ಮನೆಗೆ ಬಂದ ಮೇಲೆ ಮಷಿನ್ ಬೇಕಾಗಲಿಲ್ಲ. ವೈನಿಯ ದನಿ ಮತ್ತೆ ಇಳಿಯಲೇ ಇಲ್ಲ. ಇಷ್ಟು ವರ್ಷ ಒಳಗೇ ಉಳಿದ ಮಾತು ಕಣಜದ ಬಾಯಿ ತೆರೆದ ಹಾಗೆ ಹೊರಗೆ ಬಂತು. ಬೆಳಿಗ್ಗೆಯಿಂದ ಸಂಜೆಯವರೆಗೆ ಇವರು ಒದರುವುದು, ಅವರು ತಿರುಗಿ ಒದರುವುದು. ಭಾನುವಾರದ ನನ್ನ ನೌಕರಿ ಹೋಯಿತು. ಒಂದು ದಿನ ಆ ಓಣಿಯ ಹಿರಿಯರೊಬ್ಬರು ಮಾರ್ಕೆಟ್ಟಿನಲ್ಲಿ ನನ್ನನ್ನು ತಡೆದು, ಬಹಳ ಸಂಕಟದಿಂದ, ಬಹಳ ಮೆತ್ತಗೆ ಹೇಳಿದರು: "ಎಂಥಾ ಸಭ್ಯ ಮನಿ ಆಗಿತ್ರಿ. ಈ ವಯಸ್ಸಿನ್ಯಾಗ ಹಗಲಿಡೀ ಜಗಳ. ನೀವರೆ ಬುದ್ಧಿ ಹೇಳ್ರಿ."

ಹೋಗಿ ಗೇಟಿನ ಹತ್ತಿರ ನಿಂತು ಕೇಳಿದೆ. ಒಳಗೆ ವೈನಿ ಒದರುತ್ತಿದ್ದರು: "ಬಿಸಲಾಗ ಕುಂದರಬ್ಯಾಡ್ರಿ ಅಂದ್ರ ಕೇಳಂಗಿಲ್ಲಲ್ಲ! ನಿಮಗೇನರೆ ಆದ್ರ ನಾ ಯಾರ ಮುಖಾ ನೋಡ್ಲಿ?" ಸರ್ ಒದರಿದರು: "ನೀ ಬಂದು ಮಗ್ಗಲ ಕೂತ್ರ ನೆರಳು ಬೀಳ್ತದ, ಬಾ!" ನಾನು ಗೇಟು ತೆರೆಯದೆ ತಿರುಗಿ ಬಂದು, "ಹೌದ್ರಿ, ಭಾಳ ದೊಡ್ಡ ಜಗಳ ಐತಿ. ಬಿಡಸಾಕ ಆಗೂದಿಲ್ಲ," ಎಂದು ಆ ಹಿರಿಯರಿಗೆ ಹೇಳಿದೆ.

ಸರ್ ಬದಲಾದರು ಎಂದು ಯಾರಾದರೂ ತಿಳಿದರೆ ಅದು ಸುಳ್ಳು. ಭಾಷೆಗಳಿಗೆ ನಂಬರು ಹಚ್ಚುವುದನ್ನು ಅವರು ಬಿಡಲಿಲ್ಲ, ನಂಬರು ಬದಲಿಸಿದರು ಅಷ್ಟೇ. ಕೊನೆಯ ಸಲ ನಾನು ಹೋದಾಗ ಕಣ್ಣು ಮುಚ್ಚಿ ಚಹಾ ಕುಡಿಯುತ್ತ, "ಖರೇ ಕನ್ನಡ ಅಂದ್ರ ಶಿರಗುಪ್ಪಿದು ಮೇಡಂ," ಎಂದರು. "ಈಕಿ ಮಾತು ನಿಮಗ ಒರಟು ಅನಸ್ತದೇನು?"

ಚೂರು ಅನಿಸುತ್ತದೆ ಸರ್, ಎಂದು ಕೆಣಕಿದೆ.

"ನಿಮ್ಮ ಕಿವಿ ತಯಾರಾಗಿಲ್ಲ," ಎಂದರು.

ಅವರು ಹೋದ ದಿನದ ಸಂಗತಿಯನ್ನು ಸಂತಾಪ ಸಭೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತುವ ಹಾಗೆಯೂ ಇರಲಿಲ್ಲ. ಬೆಳಿಗ್ಗೆ ಮನೆ ತುಂಬ ಜನ, ಎಲ್ಲರದೂ ಪಿಸುಮಾತು. ಹೆಂಗಸರು ಬಾಗಿಲವರೆಗೆ ಮಾತ್ರ ಬರಬೇಕು ಎಂಬುದು ಅವರ ಮನೆಯ ಪದ್ಧತಿ. ಚಟ್ಟ ಎತ್ತಿ ಗೇಟು ದಾಟಿಸಿದರು. ಅಲ್ಲಿಯವರೆಗೆ ಕಲ್ಲಿನ ಹಾಗೆ ಕೂತಿದ್ದ ವೈನಿ ಎದ್ದು ಬಾಗಿಲಿಗೆ ಬಂದು, "ರೀ!" ಎಂದು ಒದರಿದರು. ಓಣಿಗೆ ಓಣಿಯೇ ತಿರುಗಿ ನೋಡಿತು. ಸರ್‌ರ ಚಿಕ್ಕಪ್ಪನ ಮಗ ಓಡಿ ಬಂದು, "ವೈನಿ, ಸಾವಕಾಶ ರೀ. ಮಂದಿ ನೋಡ್ಲಿಕ್ಕತ್ತಾರ," ಎಂದ.

"ಮಂದಿಗಲ್ಲೋ ಮಾರಾಯಾ, ಅವರಿಗೆ ಹೇಳಾಕತ್ತೇನಿ! ಸಾವಕಾಶ ಅಂದ್ರ ಅವರಿಗೆ ಕೇಳೂದಿಲ್ಲ!"

ಅವನನ್ನು ಬದಿಗೆ ತಳ್ಳಿ, ಪದ್ಧತಿ ಗಿದ್ಧತಿ ಎಲ್ಲ ದಾಟಿ, ವೈನಿ ಗೇಟಿನವರೆಗೆ ಹೋದರು. ಚಟ್ಟ ಅಷ್ಟರಲ್ಲಿ ಓಣಿಯ ತುದಿಗೆ ಮುಟ್ಟಿತ್ತು. ಗೇಟಿನ ಸರಳು ಹಿಡಿದು, ಎದೆಯ ತುಂಬ ಉಸಿರೆಳೆದುಕೊಂಡು, ಹೊಲಕ್ಕೆ ಹೊಲ ಕೇಳುವ ದನಿಯಲ್ಲಿ ಕೂಗಿದರು:

"ಕೇಳಸಾಕತ್ತೈತೇನ್ರೀ? ಹೋಗಿ ಬರ್ರೀ!"

ಚಟ್ಟ ಹೊತ್ತವರು ನಿಂತುಬಿಟ್ಟರು. ನನ್ನ ಹಿಂದೆ ಯಾರೋ ಹೊಸಬರು, ಯಾರ್ರಿ ಆಕಿ, ಹಿಂಗ್ಯಾಕ ಒದರತಾಳ, ಎಂದು ಪಿಸುಗುಟ್ಟಿದರು. ಹೇಳೋಣವೆಂದು ಅವರತ್ತ ತಿರುಗಿ ಬಾಯಿ ತೆರೆದೆ. ನನಗೆ ದನಿ ಹೊರಡಲಿಲ್ಲ.